ಎದ್ದು ಹೋಗದವನ ಹೆಂಡತಿ

ಜುಲೈ 28, 1956, ಶನಿವಾರ

ಇವತ್ತು ಬ್ರಿಗೇಡಿಯರ್ ಗಾರ್ತ್ ಅವರ ತೋಟದಲ್ಲಿ ನಮ್ಮ ಪಕ್ಷದ ಬೇಸಿಗೆ ಚಹಾಕೂಟ. ಊರಿಗೆ ಊರೇ ಸೇರಿತ್ತು. ನಾನು ಎಂದಿನಂತೆ ಕೇಕಿನ ಸ್ಪರ್ಧೆಗೆ ತೀರ್ಪುಗಾರ್ತಿ, ಗುಲಾಬಿ ಸ್ಪರ್ಧೆಗೆ ತೀರ್ಪುಗಾರ್ತಿ, ಮಕ್ಕಳ ಗೋಣಿಚೀಲದ ಓಟಕ್ಕೂ ತೀರ್ಪುಗಾರ್ತಿ. ಎಂ.ಪಿ.ಯ ಹೆಂಡತಿ ಎಂದರೆ ಸಂಬಳವಿಲ್ಲದ ನೌಕರಿ, ರಜೆಯೂ ಇಲ್ಲ. ಯುದ್ಧ ಮುಗಿದ ವರ್ಷ ನನ್ನ ಗಂಡ ಲಯೊನೆಲ್ ಚುನಾವಣೆ ಗೆದ್ದಾಗಿನಿಂದ ಇಂಗ್ಲೆಂಡಿನ ಈ ತುದಿಯ ಟ್ರೆವೆನ್ನಿಸ್‌ನಲ್ಲಿ ನಾನು ರುಚಿ ನೋಡದ ಕೇಕಿಲ್ಲ.

ಆದರೆ ಇವತ್ತು ಯಾರಿಗೂ ಕೇಕಿನ ಮೇಲೆ ಗಮನವಿರಲಿಲ್ಲ. ಈಜಿಪ್ಟಿನ ಆ ನಾಸರ್ ಸೂಯೆಜ್ ಕಾಲುವೆಯನ್ನೇ ತನ್ನದು ಮಾಡಿಕೊಂಡಿದ್ದಾನಂತೆ! ನಮ್ಮವರೂ ಫ್ರೆಂಚರೂ ಸೇರಿ ನಡೆಸುತ್ತಿದ್ದ ಕಾಲುವೆ. ನಮ್ಮ ಹಡಗು, ನಮ್ಮ ಎಣ್ಣೆ ಎಲ್ಲ ಅದರಲ್ಲೇ ಬರಬೇಕು. ಮೊನ್ನೆ ಒಂದು ಭಾಷಣ ಮಾಡಿ ಇಡೀ ಕಾಲುವೆಯನ್ನು ನುಂಗಿಬಿಟ್ಟ. ಪತ್ರಿಕೆ ಓದಿದಾಗಿನಿಂದ ನನಗೆ ಮೈಯೆಲ್ಲ ಉರಿಯುತ್ತಿದೆ.

"ಹೀಗೇ ಬಿಟ್ರೆ ನಾಳೆ ನಮ್ಮ ಜಿಬ್ರಾಲ್ಟರ್ ಕೇಳ್ತಾನೆ," ಎಂದಳು ಬ್ರಿಗೇಡಿಯರರ ಹೆಂಡತಿ ಮುರಿಯೆಲ್, ಟೀ ಸುರಿಯುತ್ತಾ.

"ನಾಡಿದ್ದು ನಿನ್ನ ಟೀಪಾಟು," ಎಂದೆ ನಾನು. ಎಲ್ಲರೂ ನಕ್ಕರು. ಮುರಿಯೆಲ್ ಮತ್ತು ನಾನು ಸ್ಕೂಲಿನಿಂದ ಗೆಳತಿಯರು, ನಮ್ಮಿಬ್ಬರ ಮಾತಿಗೆ ಈ ಊರು ಯಾವತ್ತೂ ನಗುತ್ತದೆ.

ಬ್ರಿಗೇಡಿಯರ್ ಮೇಜು ಕುಟ್ಟಿದರು. "ಎರಡು ಬೆಟಾಲಿಯನ್, ಒಂದು ವಾರ, ಕೆಲ್ಸ ಮುಗೀತು. ಏನಂತೀಯ ಲಯೊನೆಲ್? ನೀನಂತೂ ಯುದ್ಧದಲ್ಲಿ ಆ ಮರಳಲ್ಲೇ ಹೊರಳಾಡಿದವನು."

ಲಯೊನೆಲ್ ಬಾಯಿಂದ ಪೈಪು ತೆಗೆದ. ಅದರೊಳಗೆ ಇಣುಕಿ ನೋಡಿದ. "ನೋಡೋಣ ಹ್ಯೂಬರ್ಟ್, ಅವಸರ ಏನಿದೆ?" ಎಂದ.

ನೋಡೋಣವಂತೆ! ನಮ್ಮ ಪಕ್ಷದ ಸಂಘದ ಅಧ್ಯಕ್ಷರು ಕೇಳಿದರೆ ನೋಡೋಣವಂತೆ! ನಾನು ಮುಖ ಎಲ್ಲಿಟ್ಟುಕೊಳ್ಳಲಿ? ಮನೆಗೆ ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ. "ಅಷ್ಟು ಜನರ ಮುಂದೆ ನೋಡೋಣ ಅಂದ್ಯಲ್ಲ, ಏನದರ ಅರ್ಥ?"

"ನೋಡೋಣ ಅಂತ," ಎಂದ.

ಇವನ ಜೊತೆ ಜಗಳವಾಡುವುದೂ ಒಂದೇ, ದಿಂಬಿಗೆ ಗುದ್ದುವುದೂ ಒಂದೇ.

ಆಗಸ್ಟ್ 5, ಭಾನುವಾರ

ಮೀಸಲು ಪಡೆಯವರಿಗೆ ಕರೆ ಬಂದಿದೆ. ನಮ್ಮ ಮನೆಯ ಅಡುಗೆ, ಕಸ, ಗಲಾಟೆ ಎಲ್ಲವನ್ನೂ ನೋಡಿಕೊಳ್ಳುವ ಮಿಸೆಸ್ ಪಾಸ್ಕೋಳ ಮಗ ಡೆರೆಕ್‌ಗೂ ಬಂತು. ಸೇನೆಯ ಕೆಲಸ ಮುಗಿಸಿ ಬಂದು, ಬ್ರೆಡ್ಡಿನ ವ್ಯಾನ್ ಓಡಿಸಿಕೊಂಡು, ಕಳೆದ ವರ್ಷವಷ್ಟೇ ಮದುವೆಯಾಗಿದ್ದ. ಹೆಂಡತಿಗೆ ಈಗ ದಿನ ತುಂಬುತ್ತಿದೆ.

"ಹೋಗ್ಲಿ ಬಿಡಿ ಮೇಡಂ," ಎಂದಳು ಮಿಸೆಸ್ ಪಾಸ್ಕೋ. "ಆ ನಾಸರ್‌ಗೆ ನಾಲ್ಕು ತದುಕಿ ಬರ್ಲಿ. ಮದುವೆ ಆದಾಗಿಂದ ಹೊಟ್ಟೆ ಬೆಳೆಸ್ಕೊಂಡು ಕೂತಿದ್ದ."

ಇಂಥ ತಾಯಂದಿರಿಂದಲೇ ಈ ದೇಶ ನಿಂತಿದೆ ಎಂದು ಹೇಳಿ ಅವಳ ಬೆನ್ನು ತಟ್ಟಿದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಹೋದರೆ ಕಣ್ಣು ಮೂಗು ಕೆಂಪಗೆ ಮಾಡಿಕೊಂಡು ನಿಂತಿದ್ದಾಳೆ. ಈರುಳ್ಳಿ ಎಂದಳು. ಇವತ್ತಿನ ಅಡುಗೆಯಲ್ಲಿ ಈರುಳ್ಳಿಯೇ ಇರಲಿಲ್ಲ.

ಡೆರೆಕ್‌ನನ್ನು ಸ್ಟೇಷನ್ನಿಗೆ ಲಯೊನೆಲ್ಲೇ ಕಾರಿನಲ್ಲಿ ಬಿಟ್ಟು ಬಂದ. ಬಂದವನು ನೇರ ಊಟಕ್ಕೆ ಕೂತ.

"ಏನಂದ ಹುಡುಗ?" ಎಂದೆ.

"ಎಲ್ಲಿಗೆ ಕಳಿಸ್ತಾರೆ ಸಾರ್, ಯಾಕೆ ಅಂತ ಕೇಳಿದ. ಎಂ.ಪಿ. ಅಲ್ವಾ, ನನಗೆ ಗೊತ್ತಿರತ್ತೆ ಅಂದ್ಕೊಂಡಿದ್ದ."

"ನೀನೇನಂದೆ?"

"ನೋಡೋಣ ಅಂದೆ," ಎಂದು ಸಾರಿನ ಬಟ್ಟಲನ್ನೇ ನೋಡುತ್ತಾ ಕೂತ.

ಸೆಪ್ಟೆಂಬರ್ 16, ಭಾನುವಾರ

ಡೆರೆಕ್ ಇನ್ನೂ ಇಲ್ಲೇ ಇಂಗ್ಲೆಂಡಿನ ಯಾವುದೋ ಕ್ಯಾಂಪಿನಲ್ಲಿ ಕೊಳೆಯುತ್ತಿದ್ದಾನಂತೆ. ಲಾರಿಗಳಿಗೆ ಮರಳಿನ ಬಣ್ಣ ಬಳಿಯುವುದು, ಸಾಮಾನು ಹೇರುವುದು, ಮತ್ತೆ ಇಳಿಸುವುದು. ಮಗು ಹುಟ್ಟಿದೆ, ಹೆಣ್ಣು. ನೋಡಲು ರಜೆ ಕೊಟ್ಟಿಲ್ಲ. ನಮ್ಮದೇ ಪಕ್ಷದ ಸರ್ಕಾರ, ಯಾವುದಕ್ಕೆ ಕಾಯುತ್ತಿದೆಯೋ! ಹೋಗುವುದಾದರೆ ಹೋಗಬೇಕು, ಬಾರಿಸುವುದಾದರೆ ಬಾರಿಸಬೇಕು.

ನಿನ್ನೆ ಸಂಘದ ಊಟದಲ್ಲಿ ಲಯೊನೆಲ್ ಎದ್ದು ನಿಂತು, ಸೈನ್ಯ ಕಳಿಸುವುದು ಎಲ್ಲಕ್ಕಿಂತ ಕೊನೆಯ ಮಾತಾಗಬೇಕು, ಮೊದಲು ವಿಶ್ವಸಂಸ್ಥೆಗೆ ಹೋಗೋಣ ಎಂದುಬಿಟ್ಟ. ಸಾಕು ನಿಲ್ಲಿಸು ಎನ್ನುವ ಹಾಗೆ ಯಾರೋ ಚಮಚದಿಂದ ತಟ್ಟೆ ಬಡಿದರು. ಮುರಿಯೆಲ್ ನನ್ನ ಕಡೆ ನೋಡಿ ತುಟಿಯಲ್ಲಷ್ಟೇ ನಕ್ಕಳು. ಪುಡಿಂಗು ಹಾಗೇ ಬಿಟ್ಟು ಎದ್ದೆ.

ಇವತ್ತು ಬೆಳಿಗ್ಗೆ ಜಗಳ ಆಯಿತು, ಅಂದರೆ ನಾನು ಆಡಿದೆ. "ನೀನು ಯಾರ ಕಡೆಯವನು, ಅದನ್ನಾದ್ರೂ ಹೇಳು," ಎಂದೆ.

"ನಿನ್ನ ಕಡೆಯವನು," ಎಂದು ಕತ್ತರಿ ತೆಗೆದುಕೊಂಡು ತೋಟಕ್ಕೆ ಹೋದ. ಸಿಟ್ಟು ಬಂದಾಗ ತೋಟಕ್ಕೆ ಹೋಗುವುದು ಅವನ ಅಭ್ಯಾಸ. ಮಧ್ಯಾಹ್ನ ನೋಡಿದರೆ ನನ್ನ ಡೇಲಿಯಾ ಗಿಡಗಳ ತಲೆಯೆಲ್ಲ ಸವರಿಬಿಟ್ಟಿದ್ದಾನೆ. ಬೈದೆ. ಒಣಗಿದ್ದವು ಎಂದು ವಾದ ಬೇರೆ.

ಅಕ್ಟೋಬರ್ 31, ಬುಧವಾರ

ಸಂಜೆ ಲಂಡನ್ನಿನಿಂದ ಲಯೊನೆಲ್ ಫೋನ್ ಮಾಡಿದ. ನಮ್ಮ ವಿಮಾನಗಳು ಈಜಿಪ್ಟಿನ ಮೇಲೆ ಬಾಂಬು ಹಾಕತೊಡಗಿವೆ. ಇಸ್ರೇಲಿಗೂ ಈಜಿಪ್ಟಿಗೂ ಜಗಳ ಹತ್ತಿಕೊಂಡಿದೆ, ಬಿಡಿಸಲು ನಾವು ಹೋಗುತ್ತಿದ್ದೇವೆ ಎಂಬುದು ಸರ್ಕಾರದ ಮಾತು. ಅಂತೂ ಯಾರೋ ಏನೋ ಮಾಡಿದರಲ್ಲ ಎಂದು ನನಗೆ ಸಮಾಧಾನವಾಯಿತು.

"ಜಗಳ ಬಿಡಿಸೋಕೆ ಹೋದೋರು ಒಬ್ಬನಿಗೇ ಬಡೀತಾರಾ ಹೆಸ್ಟರ್?" ಎಂದ.

"ತಪ್ಪು ಯಾರದ್ದೋ ಅವನಿಗೆ ಬಡೀತಾರೆ."

"ಗಡಿ ದಾಟಿ ನುಗ್ಗಿದ್ದು ಇಸ್ರೇಲು. ಬಾಂಬು ಬೀಳ್ತಿರೋದು ಈಜಿಪ್ಟಿನ ಮೇಲೆ."

"ಊಟ ಆಯ್ತಾ?" ಎಂದೆ.

"ಇಲ್ಲ."

"ಮೊದಲು ಊಟ, ಆಮೇಲೆ ಈಜಿಪ್ಟು."

"ಹೆಸ್ಟರ್, ಇದರಲ್ಲಿ ಏನೋ ಮುಚ್ಚುಮರೆ ಇದೆ. ಮೊದಲೇ ಮಾತಾಡ್ಕೊಂಡು ನಾಟಕ ಆಡ್ತಿರೋ ಹಾಗಿದೆ. ಒಬ್ಬ ಹುಡುಗನನ್ನ ಸಾಯೋಕೆ ಕಳಿಸೋದಾದ್ರೆ ಯಾಕೆ ಅಂತ ನಿಜ ಹೇಳಿ ಕಳಿಸ್ಬೇಕು. ನನಗೆ ಹೇಳಿದ್ರು, ನಾನು ಹೋದೆ. ಡೆರೆಕ್‌ಗೆ ಏನು ಹೇಳ್ತಾರೆ?"

ಅವನ ದನಿ ಒಂಥರಾ ಇತ್ತು. ಬಿಸಿಯಾಗಿ ಏನಾದರೂ ತಿನ್ನು ಎಂದು ಹೇಳಿ ಫೋನ್ ಇಟ್ಟೆ.

ನವೆಂಬರ್ 3, ಶನಿವಾರ

ಬ್ರಿಗೇಡಿಯರ್ ಬಂದಿದ್ದರು. "ನಿನ್ನ ಗಂಡನಿಗೆ ನೀನೇ ಬುದ್ಧಿ ಹೇಳ್ಬೇಕಮ್ಮ," ಎಂದರು. "ಗುರುವಾರ ಸದನದಲ್ಲಿ ಓಟು ನಡಿಯತ್ತಂತೆ. ಅವತ್ತು ಅವನು ಸರ್ಕಾರದ ಜೊತೆ ಇರ್ಲಿಲ್ಲ ಅಂದ್ರೆ ಸಂಘದವರನ್ನ ಹಿಡಿದಿಡೋಕೆ ನನ್ನಿಂದಾಗಲ್ಲ. ಮುಂದಿನ ಸಲ ಟಿಕೆಟ್ ಕೈಬಿಟ್ಟು ಹೋಗತ್ತೆ."

ಲಂಡನ್ನಿಗೆ ಹೋಗಿ ಮಾತಾಡುತ್ತೇನೆ ಎಂದು ಒಪ್ಪಿಕೊಂಡೆ. ಲಯೊನೆಲ್‌ಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಈ ಊರಿನ ಎಂ.ಪಿ. ಆಗಿರುವುದೊಂದೇ ಅವನಿಗೆ ಇಷ್ಟ. ಪಿಂಚಣಿ ಬರದ ಮುದುಕಿಯರು, ಸೋರುವ ಸೂರಿನ ಬೆಸ್ತರು, ಇವರೊಂದಿಗೆ ಶನಿವಾರವಿಡೀ ಕೂತು ಅರ್ಜಿ ಬರೆದುಕೊಟ್ಟು ಖುಷಿಯಾಗಿ ಮನೆಗೆ ಬರುತ್ತಾನೆ. ಅದು ಹೋದರೆ ಮನುಷ್ಯ ಏನು ಮಾಡಿಯಾನು?

ನವೆಂಬರ್ 6, ಮಂಗಳವಾರ

ಕದನ ನಿಲ್ಲಿಸುತ್ತಾರಂತೆ. ನಮ್ಮವರು ನಿನ್ನೆ ತಾನೇ ಇಳಿದಿದ್ದಾರೆ, ಇವತ್ತು ಸಾಕು ಎಂದರೆ ಯಾವ ಸೀಮೆ ನ್ಯಾಯ? ಅಮೆರಿಕದವರು ಕಣ್ಣು ಕೆಂಪು ಮಾಡಿದರಂತೆ. ಡೆರೆಕ್ ಅಲ್ಲಿಗೇ ಹೋಗಿದ್ದಾನೆ. ಸುದ್ದಿಯಿಲ್ಲ.

ನವೆಂಬರ್ 9, ಶುಕ್ರವಾರ, ರೈಲಿನಲ್ಲಿ

ಅಕ್ಷರ ಸೊಟ್ಟ. ರೈಲಿನ ಕುಲುಕಾಟ.

ನಿನ್ನೆ ಸಂಸತ್ತಿನ ಟೀ ಕೋಣೆಯಲ್ಲಿ ಇವನನ್ನು ಹಿಡಿದೆ. ಮಿಸೆಸ್ ಪಾಸ್ಕೋ ಕಟ್ಟಿಕೊಟ್ಟ ಮಾಂಸದ ಪೈ ಮೊದಲು ತಿನ್ನಿಸಿದೆ, ಆಮೇಲೆ ಶುರು ಮಾಡಿದೆ.

"ಯುದ್ಧ ನಿಂತುಹೋಯ್ತಲ್ಲ, ಇನ್ನೇನು ರಗಳೆ? ಓಟು ಹಾಕಿ ಬಂದುಬಿಡು."

"ನಿಂತಿದ್ದು ಒಳ್ಳೇದೇ. ಆದ್ರೆ ಮಾಡಿದ್ದೆಲ್ಲ ಸರಿ ಅಂತ ಇವತ್ತು ಒಪ್ಪಿಗೆ ಕೊಡಬೇಕು. ಅದು ನನ್ನಿಂದಾಗಲ್ಲ."

"ಹಾಗಾದ್ರೆ ವಿರೋಧ ಪಕ್ಷದವರ ಜೊತೆ ಹೋಗ್ತೀಯಾ?"

"ಇಲ್ಲ ಮಾರಾಯ್ತಿ. ಎಲ್ಲರೂ ಎದ್ದು ಹೋಗುವಾಗ ಕೂತಿರ್ತೀನಿ, ಅಷ್ಟೇ."

"ಕೂತಿರೋದಕ್ಕೆ ಟಿಕೆಟ್ ಹೋಗತ್ತೆ, ಗೊತ್ತಾ?"

"ಗೊತ್ತು."

"ನಿನಗೇನು, ಇಲ್ಲಿ ಕೂತಿರ್ತೀಯ. ಆ ಊರಲ್ಲಿ ಮೀನು ಮಾಂಸ ತರೋಳು ನಾನು. ಎಲ್ಲರ ಮುಖ ನೋಡೋಳು ನಾನು."

ತನ್ನ ತಟ್ಟೆಯಲ್ಲಿದ್ದ ಬನ್ನಿನ ದೊಡ್ಡ ಅರ್ಧವನ್ನು ನನ್ನ ತಟ್ಟೆಗೆ ತಳ್ಳಿದ. "ನಿನಗೆ ಕಷ್ಟ ಆಗತ್ತೆ ಹೆಟ್ಟಿ. ನನಗೆ ನಿದ್ದೆ ಬರದೆ ಇರೋದು ಅದೊಂದಕ್ಕೇ." ಮದುವೆಗೆ ಮುಂಚೆ ಹೆಟ್ಟಿ ಎನ್ನುತ್ತಿದ್ದ. ನಾನು ಬನ್ನು ತಿಂದೆ.

ಆಮೇಲೆ ಮೇಲಿನ ಗ್ಯಾಲರಿಗೆ ಹೋಗಿ ಕೂತೆ. ಗಂಟೆ ಬಾರಿಸಿತು. ಪರವಾಗಿರುವವರು ಒಂದು ಬಾಗಿಲಿಗೆ, ವಿರುದ್ಧ ಇರುವವರು ಇನ್ನೊಂದು ಬಾಗಿಲಿಗೆ ಎದ್ದು ಹೊರಟರು. ಹಸಿರು ಬೆಂಚುಗಳು ಖಾಲಿಯಾಗುತ್ತಾ ಬಂದವು. ನಮ್ಮ ಕಡೆ ಅಲ್ಲೊಬ್ಬ ಇಲ್ಲೊಬ್ಬ ಉಳಿದರು, ಅವರಲ್ಲಿ ಲಯೊನೆಲ್ ಒಬ್ಬ. ಪಕ್ಷದ ಸಚೇತಕ ಬಂದು ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಏನೋ ಹೇಳಿದ. ಹಾದುಹೋಗುತ್ತಿದ್ದ ಇನ್ನೊಬ್ಬ ಏನೋ ಅಂದ. ಇವನ ಕಿವಿ ಕೆಂಪಾದದ್ದು ನನಗೆ ಮೇಲಿನಿಂದಲೇ ಕಂಡಿತು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಒಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡು, ಛಾವಣಿ ನೋಡುತ್ತಾ ಕೂತುಬಿಟ್ಟ.

"ಯಾರದು, ಆ ಹೇಡಿ?" ಎಂದಳು ನನ್ನ ಪಕ್ಕದ ತುಪ್ಪಟದ ಕೋಟಿನವಳು.

"ಆ ಹೇಡಿ ಯುದ್ಧದಲ್ಲಿ ಅದೇ ಈಜಿಪ್ಟಿನ ಎಲ್ ಅಲಮೀನ್‌ನಲ್ಲಿ ಕಾಲಿನ ಮೂರು ಬೆರಳು ಬಿಟ್ಟು ಬಂದಿದ್ದಾನೆ ಕಣಮ್ಮ," ಎಂದೆ. "ನಿಮ್ಮ ಯಜಮಾನರು ಆಗ ಎಲ್ಲಿದ್ರು?"

ಅವಳು ಆ ಕಡೆ ತಿರುಗಿದಳು. ನನಗೆ ಲಯೊನೆಲ್ ಮೇಲೆ ಕೆಂಡದಂಥ ಕೋಪ ಬಂದಿತ್ತು, ಈಗಲೂ ಇದೆ. ಆದರೆ ಅವನನ್ನು ಬೈಯಬೇಕಾದವಳು ನಾನು, ಯಾವಳೋ ದಾರಿಹೋಕಳಲ್ಲ. ರೈಲು ಹತ್ತಿದಾಗಿನಿಂದ ಇವನ ಜೊತೆ ಮಾತು ಬಿಟ್ಟಿದ್ದೇನೆ. ಎದುರಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಾನೆ. ಎಷ್ಟು ದಿನದ ನಿದ್ದೆಯೋ, ಮಲಗಲಿ.

ನವೆಂಬರ್ 11, ಭಾನುವಾರ

ಇವತ್ತು ಯುದ್ಧದಲ್ಲಿ ಸತ್ತವರ ಸ್ಮರಣೆಯ ದಿನ. ಬಂದರಿನ ಪಕ್ಕದ ಸ್ಮಾರಕಕ್ಕೆ ಮೊದಲು ಮೇಯರ್ ಪುಷ್ಪಚಕ್ರ ಇಡುತ್ತಾರೆ, ಆಮೇಲೆ ಎಂ.ಪಿ. ಪ್ರತಿ ವರ್ಷ ಹಾಗೆಯೇ.

ನಿನ್ನೆ ಬ್ರಿಗೇಡಿಯರ್ ಬಂದರು. ಕೂತುಕೊಳ್ಳಲಿಲ್ಲ. ಟೋಪಿ ಕೈಯಲ್ಲೇ ತಿರುಗಿಸುತ್ತಾ, "ಈ ಸಲ ನೀನು ಪುಷ್ಪಚಕ್ರ ಇಡೋದು ಬೇಡ ಲಯೊನೆಲ್. ಮಾಜಿ ಸೈನಿಕರಿಗೆ ಬೇಜಾರಾಗತ್ತೆ," ಎಂದರು.

"ನಾನೂ ಮಾಜಿ ಸೈನಿಕನೇ ಅಲ್ವಾ ಹ್ಯೂಬರ್ಟ್?" ಎಂದ ಇವನು, ಸಿಟ್ಟಿಲ್ಲದೆ, ನಿಜವಾಗಿ ಅನುಮಾನ ಬಂದವರ ಹಾಗೆ.

ಬ್ರಿಗೇಡಿಯರ್ ನೆಲದ ಜಮಖಾನೆ ನೋಡಿದರು. "ಹೆಸ್ಟರ್‌ಗೆ ಮುಂದಿನ ಸಾಲಲ್ಲಿ ಕುರ್ಚಿ ಇದ್ದೇ ಇರತ್ತೆ," ಎಂದು ಹೇಳಿ ಹೋದರು.

ಬೆಳ್ಳಂಬೆಳಿಗ್ಗೆ ಪದಕಗಳನ್ನು ಕೋಟಿಗೆ ಸೊಟ್ಟಗೆ ಚುಚ್ಚಿಕೊಂಡಿದ್ದ. ಸರಿ ಮಾಡಿದೆ. ಸ್ಮಾರಕದ ಹತ್ತಿರ ಹೋದ ಮೇಲೆ ಅವನು ಹಿಂದೆ ಹೋಗಿ ಮೀನಿನ ಗೋದಾಮಿನ ಗೋಡೆಯ ಪಕ್ಕ, ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಬಂದ ಹೆಂಗಸರ ನಡುವೆ ನಿಂತ. ನಾನು ಮುಂದಿನ ಸಾಲಿನಲ್ಲಿ ಮುರಿಯೆಲ್ ಪಕ್ಕ ಕೂತೆ. ಮುಂದಿನ ಸಾಲಿಗೆ ಸಮುದ್ರದ ಗಾಳಿ ನೇರ ಹೊಡೆಯುತ್ತದೆ, ನನಗೆ ಮೊದಲೇ ಕಿವಿನೋವು. ಆದ್ದರಿಂದ ಮೌನಾಚರಣೆಗೆ ಮುಂಚೆ ಎದ್ದು ಹಿಂದಕ್ಕೆ ಹೋದೆ.

"ಕುರ್ಚಿ ಬಿಟ್ಟು ಯಾಕೆ ಬಂದೆ?" ಎಂದ ಲಯೊನೆಲ್.

"ಗಾಳಿ," ಎಂದೆ.

ಮೌನ ಶುರುವಾಯಿತು. ಇಷ್ಟು ವರ್ಷ ಅವನು ಮುಂದೆ ನಿಲ್ಲುತ್ತಿದ್ದ, ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಇವತ್ತು ಪಕ್ಕದಲ್ಲಿ ನಿಂತು ನೋಡಿದೆ. ಕಣ್ಣು ಮುಚ್ಚಿಕೊಂಡು ತುಟಿ ಅಲುಗಿಸುತ್ತಿದ್ದ. ಮೊದಲು ಪ್ರಾರ್ಥನೆ ಎಂದುಕೊಂಡೆ. ಆಮೇಲೆ ಕೇಳಿಸಿತು, ಬರೀ ಹೆಸರುಗಳು. ಅವನ ಜೊತೆ ಮರಳಿನಲ್ಲಿದ್ದ ಹುಡುಗರ ಹೆಸರುಗಳು, ಒಂದಾದ ಮೇಲೊಂದು. ಮೌನ ಮುಗಿಯಿತು, ಹೆಸರು ಮುಗಿದಿರಲಿಲ್ಲ. ನಾನು ಅವನ ತೋಳು ಹಿಡಿದುಕೊಂಡು ಮುಗಿಯುವವರೆಗೂ ನಿಂತೆ.

ಮನೆಗೆ ಬಂದ ಮೇಲೆ ಮುರಿಯೆಲ್ ಫೋನ್ ಮಾಡಿ, ನೀನು ಹಾಗೆ ಎದ್ದು ಹೋಗಿದ್ದು ಎಲ್ಲರ ಕಣ್ಣಿಗೆ ಬಿತ್ತು ಎಂದಳು. ಗಾಳಿ ಕಣೇ ಎಂದೆ, ನಂಬಲಿಲ್ಲ.

ನವೆಂಬರ್ 22, ಗುರುವಾರ

ಮುರಿಯೆಲ್ ಮತ್ತೆ ಫೋನ್ ಮಾಡಿದಳು. "ಈ ಸಲದ ಕ್ರಿಸ್‌ಮಸ್ ಸಂತೆ ಬೇರೆ ಯಾರ ಕೈಲಾದ್ರೂ ಉದ್ಘಾಟನೆ ಮಾಡಿಸೋಣ ಅಂತ ಹೆಂಗಸರೆಲ್ಲ ಅಂದ್ರು. ನಿಂಗೆ ಬೇಜಾರಿಲ್ಲ ತಾನೇ?"

"ನಂಗ್ಯಾಕೆ ಬೇಜಾರು? ಕಾಲಿಗೆ ಒಂದಿಷ್ಟು ವಿಶ್ರಾಂತಿ ಸಿಕ್ತು."

"ಹೆಸ್ಟರ್, ನಾನು ಬೇಡ ಅಂದೆ. ಹ್ಯೂಬರ್ಟ್ ಕೇಳ್ಲಿಲ್ಲ."

"ನಿನ್ನ ಗಂಡ ನಿನ್ನ ಮಾತು ಕೇಳಲ್ಲ, ನನ್ನ ಗಂಡ ಯಾರ ಮಾತೂ ಕೇಳಲ್ಲ. ಹೋಗ್ಲಿ ಬಿಡು," ಎಂದೆ. ಫೋನ್ ಇಟ್ಟು ಉಗ್ರಾಣಕ್ಕೆ ಹೋಗಿ ಜಾಮಿನ ಬಾಟಲಿಗಳನ್ನೆಲ್ಲ ಢಣಢಣ ಎಂದು ಮತ್ತೆ ಜೋಡಿಸಿದೆ. ಅಳು ಬಂತು. ಅತ್ತೆ.

ಮಾಂಸದಂಗಡಿಯವನು ಇವತ್ತು ಬರೀ ಮೂಳೆ, ಕೊಬ್ಬು ಕಟ್ಟಿಕೊಟ್ಟಿದ್ದ. ಮಿಸೆಸ್ ಪಾಸ್ಕೋ ಪೊಟ್ಟಣ ಬಿಚ್ಚಿದವಳೇ ಅದನ್ನು ಎತ್ತಿಕೊಂಡು ಅಂಗಡಿಗೆ ನಡೆದಳು. ಒಳ್ಳೆ ತೊಡೆಯ ಮಾಂಸ ತೆಗೆದುಕೊಂಡು ವಾಪಸು ಬಂದಳು.

"ಏನಂದೆ ಅವನಿಗೆ?"

"ನಮ್ಮ ಸಾಹೇಬ್ರಿಗೆ ತಲೆ ಕೆಟ್ಟಿದೆ, ಅದನ್ನ ನಾನೂ ಒಪ್ತೀನಿ, ತಲೆ ಕೆಟ್ಟೋರಿಗೆ ಮೂಳೆ ಹಾಕು ಅಂತ ಎಲ್ಲಿ ಬರ್ದಿದೆ ಅಂದೆ."

"ನಮ್ಮ ಸಾಹೇಬರಿಗೆ ತಲೆ ಏನೂ ಕೆಟ್ಟಿಲ್ಲ," ಎಂದೆ. ಅವಳು ನನ್ನ ಮುಖ ನೋಡಿದಳು. ಆಡುವ ಮಾತಿಗೊಂದು ಮಿತಿ ಬೇಡವೇ?

ಮಧ್ಯಾಹ್ನ ಡೆರೆಕ್‌ನ ಕಾರ್ಡು ಬಂತು. ಸದ್ಯ, ಬದುಕಿದ್ದಾನೆ! ನಾವಿಬ್ಬರೂ ಅಡುಗೆಮನೆಯಲ್ಲೇ ತಬ್ಬಿಕೊಂಡುಬಿಟ್ಟೆವು. ಕೈ ಸ್ವಲ್ಪ ಸುಟ್ಟಿದೆ, ಟೀ ಬಾಯಿಗಿಡುವ ಹಾಗಿಲ್ಲ, ಇಲ್ಲಿಗೆ ಯಾಕೆ ಬಂದಿದ್ದೇವೆಂದು ಸಾರ್ಜೆಂಟನಿಗೂ ಗೊತ್ತಿಲ್ಲ ಎಂದು ಬರೆದಿದ್ದ. ಮಿಸೆಸ್ ಪಾಸ್ಕೋ ಗಟ್ಟಿಯಾಗಿ ಓದಿ ನಕ್ಕಳು. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು.

"ಯಾಕೆ ಅಂತ ಇವರಿಗೆ ಯಾರೂ ಹೇಳ್ಲಿಲ್ವಾ ಮೇಡಂ?"

 ಅವಳ ಜೊತೆ ಆಲೂಗಡ್ಡೆ ಸುಲಿಯುತ್ತಾ ಕೂತೆ.

ಡಿಸೆಂಬರ್ 8, ಶನಿವಾರ

ಮುಂದಿನ ಶನಿವಾರ ಸಂಘದ ವಿಶೇಷ ಸಭೆ. ಲಯೊನೆಲ್ ಪ್ರಿಡೊ ಅವರ ಮೇಲೆ ವಿಶ್ವಾಸವಿಲ್ಲ, ಮುಂದಿನ ಚುನಾವಣೆಗೆ ಬೇರೆಯವರನ್ನು ಹುಡುಕಬೇಕು ಎಂಬ ಗೊತ್ತುವಳಿ. "ನೀನು ಬರೋದೇನೂ ಬೇಡ," ಎಂದ. ಯಾಕೆ ಬೇಡ? ನಾನೂ ಚಂದಾ ಕಟ್ಟಿದ ಸದಸ್ಯೆ. ಬರುತ್ತೇನೆ, ಆದರೆ ಆ ಕಡೆಗೂ ಈ ಕಡೆಗೂ ಕೈ ಎತ್ತುವುದಿಲ್ಲ ಎಂದೆ. ನನ್ನ ಅಭಿಪ್ರಾಯ ಜುಲೈಯಲ್ಲಿ ಏನಿತ್ತೋ ಈಗಲೂ ಅದೇ. ಕಾಲುವೆ ನಮ್ಮದು.

ಅವನ ಭಾಷಣ ಓದಿಸಿ ಕೇಳಿದೆ. ಅಯ್ಯೋ ದೇವರೇ! ಸಾಲಿಗೊಂದು ಬಹುಶಃ. "ಸರ್ಕಾರವು ಬಹುಶಃ ಪೂರ್ತಿ ಸತ್ಯವನ್ನು ಹೇಳಿರಲಾರದೆಂದು ನನಗೆ ತೋರುತ್ತದೆ" ಅಂತೆ. ಪೆನ್ಸಿಲ್ ಕಿತ್ತುಕೊಂಡು "ಸರ್ಕಾರ ಸುಳ್ಳು ಹೇಳಿತು" ಎಂದು ತಿದ್ದಿದೆ. ಚಿಕ್ಕ ವಾಕ್ಯವಾದರೆ ಹಿಂದಿನ ಸಾಲಿಗೂ ಕೇಳಿಸುತ್ತದೆ, ಅಷ್ಟೇ. ಡೆರೆಕ್ ಕೇಳಿದ ಪ್ರಶ್ನೆಯನ್ನು ಕೊನೆಯಲ್ಲಿಟ್ಟಿದ್ದ, ಮೊದಲಿಗೆ ತಂದೆ. ಊಟದ ಹೊತ್ತಿಗೆ ಭಾಷಣ ಕೇಳುವ ಹಾಗಾಯಿತು.

ಡಿಸೆಂಬರ್ 15, ಶನಿವಾರ

ಕಾಲುವೆ ಮುಚ್ಚಿ ಪೆಟ್ರೋಲಿಗೆ ತತ್ವಾರ, ಸೋಮವಾರದಿಂದ ಕೂಪನ್ನಂತೆ. ಮಧ್ಯಾಹ್ನ ಸಭೆಗೆ ನಡೆದೇ ಹೋದೆವು. ಟೌನ್ ಹಾಲ್ ಕಿಕ್ಕಿರಿದಿತ್ತು. ಕೇಕಿಗೂ ಗುಲಾಬಿಗೂ ಬಹುಮಾನ ಕೊಟ್ಟ ನನಗೆ ಅಲ್ಲಿದ್ದ ಒಬ್ಬೊಬ್ಬರೂ ಗೊತ್ತು. ವೇದಿಕೆಯಲ್ಲಿ ಬ್ರಿಗೇಡಿಯರ್, ಪಕ್ಕದಲ್ಲಿ ಲಯೊನೆಲ್. ನಾನು ಎರಡನೇ ಸಾಲಿನಲ್ಲಿ.

ಭಾಷಣ ಚೆನ್ನಾಗಿಯೇ ಮಾಡಿದ. "ಸರ್ಕಾರ ಸುಳ್ಳು ಹೇಳಿತು" ಎಂಬಲ್ಲಿ ಮಾತ್ರ ತಡವರಿಸಿ, ನನ್ನ ಕಡೆ ನೋಡಿ, ಆಮೇಲೆ ಗಟ್ಟಿಯಾಗಿ ಹೇಳಿದ. "ನಾಸರ್ ಹತ್ರಾನೇ ಹೋಗಿರು!" ಎಂದು ಹಿಂದಿನಿಂದ ಯಾರೋ ಕೂಗಿದರು. "ಅವನಿಗೆ ನನ್ನ ಭಾಷಣ ಇನ್ನೂ ಬೇಜಾರಾಗತ್ತೆ," ಎಂದ ಲಯೊನೆಲ್. ಒಂದಿಬ್ಬರು ನಕ್ಕೂಬಿಟ್ಟರು.

ಗೊತ್ತುವಳಿಯ ಪರ ಇರುವವರು ಕೈ ಎತ್ತಿ ಎಂದರು ಬ್ರಿಗೇಡಿಯರ್. ಹಾಲಿಗೆ ಹಾಲೇ ಕೈ ಎತ್ತಿತು. ಮುಂದಿನ ಸಾಲಿನಲ್ಲಿ ಮುರಿಯೆಲ್ ಕೈ ನಿಧಾನವಾಗಿ ಮೇಲೇರಿತು. ವಿರುದ್ಧ ಇರುವವರು ಎಂದಾಗ ಪಾದ್ರಿಗಳು ಮತ್ತು ಇನ್ನು ಕೆಲವರು. ನಾನು ಹೇಳಿದ ಹಾಗೆಯೇ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಲಯೊನೆಲ್ ಎತ್ತಿದ ಕೈಗಳನ್ನು ಎಣಿಸಲಿಲ್ಲ. ನನ್ನನ್ನು ನೋಡಿ, ಪರವಾಗಿಲ್ಲ ಬಿಡು ಎನ್ನುವ ಹಾಗೆ ಒಂದು ಸಣ್ಣ ನಗೆ ನಕ್ಕ. 

ಗೊತ್ತುವಳಿ ಪಾಸಾಯಿತು. ಬ್ರಿಗೇಡಿಯರ್ ಕಾಗದ ಜೋಡಿಸುತ್ತಾ, ತಲೆ ಎತ್ತದೆ, ಪ್ರತಿ ಸಭೆಯ ಕೊನೆಗೆ ಹೇಳುವ ಮಾತನ್ನೇ ಹೇಳಿಬಿಟ್ಟರು. "ಈಗ ವಂದನಾರ್ಪಣೆ, ಮಿಸೆಸ್ ಪ್ರಿಡೊ ಅವರಿಂದ."

ಹಾಲಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಪಾಪ, ಅವರಿಗೂ ಅಷ್ಟರಲ್ಲಿ ತಿಳಿಯಿತು, ಮುಖ ಕೆಂಪಾಯಿತು. ಎಂ.ಪಿ.ಯ ಹೆಂಡತಿ ವಂದನಾರ್ಪಣೆ ಮಾಡದೆ ಟ್ರೆವೆನ್ನಿಸ್‌ನಲ್ಲಿ ಯಾವ ಸಭೆಯೂ ಮುಗಿಯುವುದಿಲ್ಲ. ಇದು ಯಾವ ಸಭೆ ಎಂಬುದೇ ಅವರಿಗೆ ಆ ಕ್ಷಣ ಮರೆತಿತ್ತು. ನಾನು ಎದ್ದೆ. ಕರೆದರೆ ಏಳುವ ಅಭ್ಯಾಸ.

"ಅಧ್ಯಕ್ಷರಿಗೆ ವಂದನೆ, ಸಭೆಯನ್ನ ಅಚ್ಚುಕಟ್ಟಾಗಿ ನಡೆಸಿದ್ರು. ಟೀ ಮಾಡಿದ ಹೆಂಗಸರಿಗೆ ವಂದನೆ. ಇಷ್ಟು ಚಳಿಯಲ್ಲಿ ನೀವೆಲ್ಲ ಬಂದಿದ್ದಕ್ಕೆ ವಂದನೆ." ಅಲ್ಲಿಯವರೆಗೆ ನಾಲಿಗೆ ತಾನಾಗಿ ಓಡಿತು. ಮುಂದಿನದು ಯಾವಾಗಲೂ ನಮ್ಮ ಮಾನ್ಯ ಸದಸ್ಯರಿಗೆ ವಂದನೆ. ಅಲ್ಲಿಗೆ ಬಂದು ನಿಂತೆ.

"ಪ್ರತಿ ಸಲ ಕೊನೆಗೆ ನಮ್ಮ ಎಂ.ಪಿ.ಗೆ ವಂದನೆ ಹೇಳ್ತಿದ್ದೆ," ಎಂದೆ. "ಬಾಯಿಪಾಠ. ಮನಸ್ಸಲ್ಲಿ ರಾತ್ರಿ ಅಡುಗೆ ಯೋಚನೆ ಇರ್ತಿತ್ತು. ಇವತ್ತು ಯೋಚನೆ ಮಾಡಿ ಹೇಳ್ತೀನಿ. ಈ ಮನುಷ್ಯನಿಗೆ ಭಾಷಣ ಬರಲ್ಲ, ನಿಮಗೆಲ್ಲ ಗೊತ್ತು. ಹಟ ಇದೆ, ಅದು ನನಗೆ ಗೊತ್ತು. ಆದ್ರೆ ನಮ್ಮೂರ ಹುಡುಗರನ್ನ ಹಡಗು ಹತ್ತಿಸುವಾಗ, ಯಾಕೆ ಕಳಿಸ್ತೀರಿ ಅಂತ ಕೇಳಿದವನು ಇವನೊಬ್ಬ. ನೀವು ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಮುಂದೆ ನಿಮಗೆ ಒಳ್ಳೆ ಎಂ.ಪಿ. ಸಿಗ್ತಾನೆ. ಗಂಟೆ ಹೊಡೆದ ತಕ್ಷಣ ಎದ್ದು ಹೋಗ್ತಾನೆ. ಅವನನ್ನ ನೀವಿಟ್ಕೊಳ್ಳಿ. ಇವನನ್ನ ನಾನು ಮನೆಗೆ ಕರ್ಕೊಂಡು ಹೋಗ್ತೀನಿ."

ಕೂತೆ.  

"ಅನುಮೋದಿಸ್ತೀನಿ!" ಎಂದಿತು ಹಿಂದಿನಿಂದ ಮಿಸೆಸ್ ಪಾಸ್ಕೋಳ ದನಿ. ಟೀ ತಟ್ಟೆಯನ್ನು ಮೇಜಿನ ಮೇಲೆ ಧಡ್ ಎಂದು ಇಟ್ಟಳು.

ಆಮೇಲೆ ಮುರಿಯೆಲ್ ಕೈಗವಸು ಕಳಚಿ ಚಪ್ಪಾಳೆ ತಟ್ಟತೊಡಗಿದಳು. ವಂದನಾರ್ಪಣೆಗೆ ಚಪ್ಪಾಳೆ ತಟ್ಟದಿದ್ದರೆ ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಅಸಭ್ಯತೆಯಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ತಟ್ಟಬೇಕಾಯಿತು, ಅವನನ್ನು ಹೊರಗೆ ಹಾಕಿದ ಅವೇ ಕೈಗಳಿಂದ. ಬ್ರಿಗೇಡಿಯರ್ ಕೂಡ ತಟ್ಟಿದರು. ಲಯೊನೆಲ್ ಕರವಸ್ತ್ರ ತೆಗೆದು ಬಹಳ ಹೊತ್ತು ಮೂಗು ಒರೆಸಿಕೊಂಡ.

ಸಮುದ್ರದ ದಂಡೆಯ ರಸ್ತೆಯಲ್ಲಿ ನಡೆದು ಮನೆಗೆ ಬಂದೆವು. 

"ನನ್ನ ಪರವಾಗಿ ನೀನು ಎದ್ದು ನಿಲ್ತೀಯ ಅಂತ ಅಂದ್ಕೊಂಡಿರ್ಲಿಲ್ಲ," ಎಂದ.

"ನಾನೂ ಅಂದ್ಕೊಂಡಿರ್ಲಿಲ್ಲ. ಕರೆದ್ರು, ಎದ್ದೆ."

"ಹಾಗಾದ್ರೆ ಸೂಯೆಜ್ ವಿಷಯದಲ್ಲಿ..."

"ಸೂಯೆಜ್ ವಿಷಯದಲ್ಲಿ ನೀನು ತಪ್ಪು," ಎಂದೆ. "ಅದನ್ನ ಮೊದಲ ದಿನದಿಂದ ಹೇಳ್ತಿದ್ದೀನಿ."

"ಹೌದು, ಹೇಳ್ತಿದ್ದೀಯ," ಎಂದು ನನ್ನ ಕೈ ಹಿಡಿದುಕೊಂಡ. ಮನೆಯ ಗೇಟಿನವರೆಗೂ ಬಿಡಲಿಲ್ಲ.

ಈಗ ಇದನ್ನು ಬರೆಯುವಾಗ ಹೊಳೆಯುತ್ತಿದೆ. ಯಾವುದರಲ್ಲಿ ತಪ್ಪು ಎಂದು ಅವನು ತಿರುಗಿ ಕೇಳಿದ್ದರೆ ಹೇಳಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ಪುಣ್ಯಕ್ಕೆ ಕೇಳಲಿಲ್ಲ.